ಪೇಂಟ್‌ಬಾಲ್ ಮೈದಾನದ ಪಗಾರ: ಫ್ರೀ ಆಟ ಕೊಟ್ಟರೆ ಲೆಕ್ಕ ಚುಕ್ತಾ ಆಗುತ್ತದೆಯೇ?

ಪುಣೆ ಬಳಿಯ ಹಿಂಜವಡಿಯ ಒಂದು ಐಟಿ ಕಂಪನಿ ಶನಿವಾರ ನಲವತ್ತು ಜನರನ್ನು ಮುಳಶಿ ಕಡೆಯ ಪೇಂಟ್‌ಬಾಲ್ ಮೈದಾನಕ್ಕೆ ಕಳಿಸುತ್ತದೆ ಎಂದುಕೊಳ್ಳಿ. ಗನ್ನಿನಿಂದ ಬಣ್ಣ ತುಂಬಿದ ಬಾಲ್ ಹೊಡೆದು ಎದುರಾಳಿಗಳನ್ನು ಔಟ್ ಮಾಡುವ ಆಟ ಇದು. ಬಂದವರಿಗೆ ಕಾಣುವುದು ಬಣ್ಣ, ಕೂಗಾಟ, ಫೋಟೊ. ಆದರೆ ಅವರ ಬಸ್ಸು ಬರುವ ಮೊದಲೇ ಅಲ್ಲಿ ಐದಾರು ಜನ ಕೆಲಸ ಶುರು ಮಾಡಿರುತ್ತಾರೆ. ಇಂಡಿ ಕಡೆಯ ಹುಡುಗನೊಬ್ಬ ಗನ್‌ಗಳನ್ನು ಬಿಚ್ಚಿ ಒರೆಸುತ್ತಿರುತ್ತಾನೆ. ಅಕ್ಕಲಕೋಟೆಯವನು ಸಿಲಿಂಡರ್‌ಗಳಿಗೆ ಗಾಳಿ ತುಂಬುತ್ತಿರುತ್ತಾನೆ. ಕೌಂಟರ್‌ನಲ್ಲಿ ಒಬ್ಬಳು ಹುಡುಗಿ ಒಪ್ಪಿಗೆ ಪತ್ರಗಳನ್ನು ಜೋಡಿಸುತ್ತಿರುತ್ತಾಳೆ. ಕೊತ್ರೂಡ್‌ನಲ್ಲಿ ರೂಮ್ ಮಾಡಿಕೊಂಡು ಓದುತ್ತಿರುವ ಬೆಳಗಾವಿಯ ಇಬ್ಬರು ವಿದ್ಯಾರ್ಥಿಗಳು ರೆಫರಿ ಜಾಕೆಟ್ ಹಾಕಿಕೊಂಡು ನಿಂತಿರುತ್ತಾರೆ.

ಸಂಜೆ ಇವರ ಕೈಗೆ ಬರುವುದು ಬೇರೆ ಬೇರೆ. ಮೊದಲಿಬ್ಬರಿಗೆ ದಿನಗೂಲಿ. ಕೌಂಟರ್‌ನವಳಿಗೆ ತಿಂಗಳ ಪಗಾರ. ವಿದ್ಯಾರ್ಥಿಗಳಿಗೆ ಕೊನೆಯ ಬ್ಯಾಚ್ ಆದ ಮೇಲೆ ಒಂದು ಆಟ ಫ್ರೀ, ಇನ್ನೂರು ಬಾಲ್ ಫ್ರೀ, ಜೊತೆಗೆ ಒಂದು ಪ್ಲೇಟ್ ಮಿಸಳ್. ಕೇಳಿದರೆ ಅವರೇ ಹೇಳುತ್ತಾರೆ: "ಪಗಾರ ಬ್ಯಾಡ್ರಿ ಸರ, ನಮಗ ಆಡಾಕ ಬಿಟ್ರ ಸಾಕು." ಮಾಲೀಕನಿಗೂ ಖುಷಿ, ಹುಡುಗರಿಗೂ ಖುಷಿ. ಹಾಗಾದರೆ ತೊಂದರೆ ಎಲ್ಲಿದೆ?

ತೊಂದರೆ ಇದೆ. ಆ ಇಬ್ಬರು ಮಾಡಿದ್ದು ಇಡೀ ಮೈದಾನದಲ್ಲೇ ಹೆಚ್ಚು ಜವಾಬ್ದಾರಿಯ ಕೆಲಸ. ಆ ಕೆಲಸಕ್ಕೆ ಮೊದಲು ಹಣ ಕೊಡಬೇಕು. ಫ್ರೀ ಆಟ ಏನಿದ್ದರೂ ಅದರ ಮೇಲೆ. ಹೀಗೆ ಯಾಕೆ ಹೇಳುತ್ತೇನೆ ಅನ್ನುವುದಕ್ಕೆ ಆಟದ ಒಳಗಿನ ಕಾರಣವೂ ಇದೆ, ಕಾನೂನಿನ ಕಾರಣವೂ ಇದೆ.

ಈ ಆಟ ಹುಟ್ಟಿದ್ದು ಗೆಳೆಯರ ನಡುವೆ. 1981ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್‌ನ ಕಾಡಿನಲ್ಲಿ 12 ಜನ ಮೊದಲ ಸಲ ಆಡಿದರು. ಅವರ ಕೈಯಲ್ಲಿದ್ದದ್ದು ಮರಗಳಿಗೂ ದನಗಳಿಗೂ ಬಣ್ಣದ ಗುರುತು ಹಾಕುವ ಗನ್. ಅಲ್ಲಿ ಟಿಕೆಟ್ಟೂ ಇರಲಿಲ್ಲ, ಪಗಾರವೂ ಇರಲಿಲ್ಲ. ಇವತ್ತಿಗೂ ಎಷ್ಟೋ ಕಡೆ ರೆಫರಿಗೆ ಫ್ರೀ ಆಟ, ಕಡಿಮೆ ದರದ ಬಾಲ್ ಕೊಡುವುದು ಮಾಮೂಲು. ಗೆಳೆಯರು ಗೆಳೆಯರಿಗಾಗಿ ಮಾಡಿದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಗೇಟಿನಲ್ಲಿ ತಲೆಗೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳಲು ಶುರು ಮಾಡಿದ ದಿನ ಅದು ವ್ಯಾಪಾರವಾಯಿತು. ಒಳಗೆ ದುಡಿಯುವವನ ಸ್ಥಾನವೂ ಅವತ್ತೇ ಬದಲಾಯಿತು.

ರೆಫರಿ ಏನು ಮಾಡುತ್ತಾನೆ?

ಹೊರಗಿನವರು ಅಂದುಕೊಳ್ಳುವುದು, ಯಾರು ಔಟ್ ಅಂತ ಕೂಗುವುದಷ್ಟೇ ಅವನ ಕೆಲಸ ಅಂತ. ಅದು ಅವನ ಕೆಲಸದ ಚಿಕ್ಕ ಭಾಗ.

ಮಾಮೂಲಿ ಪೇಂಟ್‌ಬಾಲ್ 0.68 ಇಂಚು ದಪ್ಪ, ತೂಕ ಸುಮಾರು 3 ಗ್ರಾಂ. ಹೊರಗೆ ಜೆಲಟಿನ್ ಸಿಪ್ಪೆ, ಒಳಗೆ ಬಣ್ಣ. ಗನ್ನಿನಿಂದ ಅದು ಸೆಕೆಂಡಿಗೆ 300 ಅಡಿಗಿಂತ ಜಾಸ್ತಿ ವೇಗದಲ್ಲಿ ಹೋಗಬಾರದು ಅನ್ನುವುದು ಈ ಆಟದಲ್ಲಿ ಎಲ್ಲೆಡೆ ನಡೆದು ಬಂದ ಮಿತಿ. ಅಂದರೆ ಗಂಟೆಗೆ ಸುಮಾರು 329 ಕಿಲೋಮೀಟರ್. ಮೈಗೆ ಬಿದ್ದರೆ ಬಾಸುಂಡೆ ಬರುತ್ತದೆ, ಕೆಲವು ದಿನಗಳಲ್ಲಿ ಹೋಗುತ್ತದೆ. ಮಾಸ್ಕ್ ಇಲ್ಲದ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಬಂದವರಲ್ಲಿ ಮುಕ್ಕಾಲು ಪಾಲು ಜನ ಗನ್ ಹಿಡಿದಿರುವುದೇ ಮೊದಲ ಸಲ. ಮಾಸ್ಕಿನ ಒಳಗೆ ಬೆವರು, ಗಾಜಿನ ಮೇಲೆ ಮಂಜು. ಆಟದ ಮಧ್ಯೆ ಒಬ್ಬರಾದರೂ "ಒಂದ್ನಿಮಿಷ" ಅಂತ ಮಾಸ್ಕ್ ಎತ್ತಲು ಹೋಗುತ್ತಾರೆ. ಆ ಕ್ಷಣದಲ್ಲಿ ಓಡಿ ಹೋಗಿ ಅವರ ಮುಂದೆ ನಿಂತು ಆಟ ನಿಲ್ಲಿಸುವವನೇ ರೆಫರಿ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಕಾರ್ಬನ್ ಡೈಆಕ್ಸೈಡ್ ತುಂಬಿದ ಗನ್ ಆದರೆ, ಬಿಸಿಲು ಏರಿದಂತೆ ಸಿಲಿಂಡರಿನ ಒತ್ತಡವೂ ಏರುತ್ತದೆ, ಬಾಲಿನ ವೇಗವೂ ಏರುತ್ತದೆ. ಬೆಳಿಗ್ಗೆ ಎಂಟಕ್ಕೆ ಸೆಕೆಂಡಿಗೆ 280 ಅಡಿ ತೋರಿಸಿದ ಗನ್ ಏಪ್ರಿಲ್‌ನ ಮಧ್ಯಾಹ್ನದಲ್ಲಿ ಮಿತಿ ದಾಟಬಹುದು. ಹಾಗಾಗಿ ವೇಗ ಅಳೆಯುವ ಯಂತ್ರದ ಮುಂದೆ ಪ್ರತಿ ಗನ್ನನ್ನೂ ದಿನದಲ್ಲಿ ಮತ್ತೆ ಮತ್ತೆ ಪರೀಕ್ಷೆ ಮಾಡಬೇಕು. ಇದಕ್ಕೆ ತಾಳ್ಮೆ ಬೇಕು, ಸಮಯ ಬೇಕು. ಬ್ಯಾಚ್ ಲೆಕ್ಕದಲ್ಲಿ ದುಡ್ಡು ಸಿಗುವವನು, ಅಥವಾ "ಬೇಗ ಮುಗಿದರೆ ನಾವೂ ಆಡಬಹುದು" ಅಂತ ಕಾಯುವವನು, ಈ ಪರೀಕ್ಷೆಯನ್ನೇ ಮೊದಲು ಬಿಡುತ್ತಾನೆ. ಹುಡುಗ ಕೆಟ್ಟವನು ಅಂತಲ್ಲ. ಕೂಲಿ ಕೊಡುವ ರೀತಿಯೇ ಅವನನ್ನು ಆ ಕಡೆ ತಳ್ಳುತ್ತದೆ. ಪಗಾರದ ಪ್ರಶ್ನೆ ಕಣ್ಣಿನ ಸುರಕ್ಷತೆಯ ಪ್ರಶ್ನೆಯೂ ಹೌದು ಅನ್ನುವುದು ಇದಕ್ಕೇ.

ಸ್ವಯಂಸೇವಕ ಯಾರು, ಕೆಲಸಗಾರ ಯಾರು?

ಮಾಲೀಕ ಏನಂತ ಕರೆಯುತ್ತಾನೆ ಅನ್ನುವುದರಿಂದ ಇದು ತೀರ್ಮಾನವಾಗುವುದಿಲ್ಲ. ವಾಲಂಟಿಯರ್, ಇಂಟರ್ನ್, ಫ್ರೀಲಾನ್ಸರ್, "ನಮ್ಮ ಹುಡುಗ", ಯಾವ ಹೆಸರಾದರೂ ಇರಲಿ. ನೋಡಬೇಕಾದದ್ದು ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು.

ಇಷ್ಟು ಗಂಟೆಗೆ ಬರಬೇಕು ಅಂತ ಹೇಳುವವರು ಯಾರು? ಬರದಿದ್ದರೆ ಬೈಗುಳ ಇದೆಯೇ? ಅವನು ಇಲ್ಲದಿದ್ದರೆ ಆ ಜಾಗಕ್ಕೆ ದುಡ್ಡು ಕೊಟ್ಟು ಇನ್ನೊಬ್ಬರನ್ನು ತರಬೇಕಾಗುತ್ತಿತ್ತೇ? ಅವನು ನಿಂತ ಬ್ಯಾಚಿನಿಂದ ಮೈದಾನಕ್ಕೆ ಹಣ ಬಂತೇ? ಇವಕ್ಕೆಲ್ಲ ಹೌದು ಅನ್ನುವ ಉತ್ತರ ಬಂದರೆ ಅವನು ಕೆಲಸಗಾರ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಕೂಲಿಗೋ ಪ್ರತಿಫಲಕ್ಕೋ ಕೆಲಸ ಮಾಡುವವನ ಷರತ್ತುಗಳು ಬರವಣಿಗೆಯಲ್ಲೇ ಇರಬೇಕು ಅಂತಿಲ್ಲ. ಬಾಯಿಮಾತಾದರೂ ಆಯಿತು, ನಡವಳಿಕೆಯಿಂದ ಗೊತ್ತಾದರೂ ಆಯಿತು. ಕನಿಷ್ಠ ವೇತನವೂ ಈಗ ಪಟ್ಟಿಯಲ್ಲಿರುವ ಕೆಲವು ಉದ್ಯೋಗಗಳಿಗೆ ಮಾತ್ರ ಅಲ್ಲ, ಎಲ್ಲರಿಗೂ ಅನ್ವಯ.

"ಅವರೇ ಒಪ್ಪಿಕೊಂಡು ಬಂದಿದ್ದಾರಲ್ವಾ?" ಅನ್ನುವ ಮಾತು ತುಂಬ ಕೇಳುತ್ತದೆ. ಇದಕ್ಕೆ ನಮ್ಮ ಸುಪ್ರೀಂ ಕೋರ್ಟ್ 1982ರಲ್ಲೇ ಉತ್ತರ ಕೊಟ್ಟಿದೆ. ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಪ್ರಕರಣ ಅದು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಕೋರ್ಟ್ ಹೇಳಿತು. ಬಡತನ ಒಪ್ಪಿಸಿದ ಒಪ್ಪಿಗೆಯನ್ನು ನಿಜವಾದ ಒಪ್ಪಿಗೆ ಅಂತ ಅದು ಎಣಿಸಲಿಲ್ಲ.

ಅಮೆರಿಕದಲ್ಲೂ ಇಂಥದೇ ಒಂದು ತೀರ್ಪಿದೆ, 1985ರದು. ಅಲಾಮೊ ಫೌಂಡೇಶನ್ ಎಂಬ ಧಾರ್ಮಿಕ ಸಂಸ್ಥೆ ಪೆಟ್ರೋಲ್ ಬಂಕ್, ಅಂಗಡಿ ಇತ್ಯಾದಿ ನಡೆಸುತ್ತಿತ್ತು. ಅಲ್ಲಿ ದುಡಿಯುವವರಿಗೆ ಸಂಬಳವಿಲ್ಲ. ಊಟ, ಬಟ್ಟೆ, ವಸತಿ ಅಷ್ಟೇ. "ನಾವು ಸ್ವಯಂಸೇವಕರು, ನಮಗೆ ಸಂಬಳ ಬೇಡ" ಅಂತ ಅವರೇ ಹೇಳಿದರು. ಆದರೂ ಅಲ್ಲಿನ ಸುಪ್ರೀಂ ಕೋರ್ಟ್ ಅವರನ್ನು ಕೆಲಸಗಾರರೆಂದೇ ಪರಿಗಣಿಸಿತು. ಆ ಊಟ, ಬಟ್ಟೆ, ವಸತಿ ಬೇರೆ ರೂಪದ ಕೂಲಿಯೇ ಎಂದಿತು. ಆ ತೀರ್ಪು ಪುಣೆಗೆ ಅನ್ವಯಿಸುವುದಿಲ್ಲ, ನಿಜ. ಆದರೆ ಅದರ ಹಿಂದಿನ ತರ್ಕ ನೋಡಿ. ಒಬ್ಬರು ಸಂಬಳ ಬೇಡ ಅಂದರೆ, ಪಕ್ಕದಲ್ಲಿ ಸಂಬಳಕ್ಕಾಗಿಯೇ ಬಂದವನ ಬೆಲೆಯೂ ಇಳಿಯುತ್ತದೆ. ಬೆಳಗಾವಿಯ ವಿದ್ಯಾರ್ಥಿ ಫ್ರೀ ಆಟಕ್ಕೆ ರೆಫರಿ ಆದರೆ, ಇಂಡಿಯ ಹುಡುಗ ರೆಫರಿ ಕೆಲಸ ಕಲಿತು ನಾಲ್ಕು ಕಾಸು ಜಾಸ್ತಿ ಕೇಳುವ ದಾರಿ ಮುಚ್ಚಿಹೋಗುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಇಲ್ಲಿ. ವಿದ್ಯಾರ್ಥಿಗೆ ಇದು ಭಾನುವಾರದ ಮೋಜು. ಊರಿಗೆ ಹಣ ಕಳಿಸಬೇಕಾದವನಿಗೆ ಇದೇ ಹೊಟ್ಟೆಪಾಡು.

ಫ್ರೀ ಆಟದ ಬೆಲೆ ಎಷ್ಟು?

ಬೋರ್ಡಿನಲ್ಲಿ ಒಂದು ಆಟಕ್ಕೆ 800 ರೂಪಾಯಿ ಅಂತ ಬರೆದಿದೆ ಎಂದುಕೊಳ್ಳಿ. ಮಾಲೀಕ ಹುಡುಗನಿಗೆ ಒಂದು ಆಟ ಕೊಟ್ಟು, 800 ರೂಪಾಯಿ ಕೊಟ್ಟ ಹಾಗೇ ಆಯಿತು ಅನ್ನುತ್ತಾನೆ. ಆದರೆ ಸಂಜೆ ಐದೂವರೆಗೆ ಮೈದಾನ ಖಾಲಿ ಇದ್ದಾಗ ಆಡಲು ಬಿಟ್ಟರೆ ಅವನ ಕೈಯಿಂದ ಹೋಗುವುದು ಬಾಲ್ ಮತ್ತು ಗಾಳಿಯ ಖರ್ಚು ಮಾತ್ರ. ಹುಡುಗನ ಕಡೆಯಿಂದ ನೋಡಿದರೆ ಆ ಆಟದಿಂದ ರೂಮ್ ಬಾಡಿಗೆ ಕಟ್ಟಲಾಗುವುದಿಲ್ಲ, ಮೆಸ್ ಬಿಲ್ಲೂ ಕಟ್ಟಲಾಗುವುದಿಲ್ಲ.

ವೇತನ ಸಂಹಿತೆ ಇಲ್ಲಿ ಎರಡು ಗೆರೆ ಎಳೆಯುತ್ತದೆ. ಒಂದು, ವೇತನ ಕೊಡಬೇಕಾದದ್ದು ನಾಣ್ಯ, ನೋಟು, ಚೆಕ್ ಅಥವಾ ಬ್ಯಾಂಕ್ ಮೂಲಕ. ಮೊಬೈಲಿನಿಂದ ಖಾತೆಗೆ ಹಾಕಿದರೂ ಸರಿ. ಎರಡು, ವೇತನದ ಬದಲಿಗೆ ಸಾಮಾನೋ ಸೌಲಭ್ಯವೋ ಕೊಟ್ಟರೆ, ಒಟ್ಟು ವೇತನದ ಶೇ. 15 ಮೀರದಷ್ಟು ಬೆಲೆ ಮಾತ್ರ ವೇತನವೆಂದು ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ 1,000 ರೂಪಾಯಿ ವೇತನ ಅಂದರೆ ಹೆಚ್ಚೆಂದರೆ 150. ಅದಕ್ಕಿಂತ ಜಾಸ್ತಿ ಕೊಟ್ಟದ್ದು ಮಾಲೀಕನ ಪ್ರೀತಿ. ಕೂಲಿಯ ಸಾಲ ಅದರಿಂದ ತೀರುವುದಿಲ್ಲ.

ಹಾಗಂತ ಫ್ರೀ ಆಟ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಖಂಡಿತ ಕೊಡಿ. ತಾನು ಆಡಿ ಗೊತ್ತಿರುವ ರೆಫರಿಗೆ ಆಟಗಾರ ಎಲ್ಲಿ ಅಡಗುತ್ತಾನೆ, ಯಾವಾಗ ಗಾಬರಿಯಾಗುತ್ತಾನೆ ಅನ್ನುವುದೆಲ್ಲ ತಿಳಿಯುತ್ತದೆ. ಅದು ಅವನಿಗೆ ತರಬೇತಿಯೂ ಹೌದು. ಆದರೆ ಅದನ್ನು ಪಗಾರದ ಚೀಟಿಯಲ್ಲಿ ಬರೆಯಬೇಡಿ.

ಬ್ಯಾಚ್ ಎಣಿಸಬೇಡಿ, ಗಂಟೆ ಎಣಿಸಿ

ಸಣ್ಣ ಮೈದಾನಗಳಲ್ಲಿ ಬ್ಯಾಚಿಗೆ ಇಷ್ಟು ಅಂತ ಮಾತಾಗಿರುತ್ತದೆ. ಕೇಳಲು ಸರಳ. ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಬ್ಯಾಚಿಗೆ 100 ರೂಪಾಯಿ, ಶನಿವಾರ 8 ಬ್ಯಾಚ್, ಕೈಗೆ 800. ಹುಡುಗ ಬಂದದ್ದು ಬೆಳಿಗ್ಗೆ 8ಕ್ಕೆ. ಮೊದಲ ಬ್ಯಾಚ್ 10ಕ್ಕೆ. ಆ ಎರಡು ಗಂಟೆ ಗನ್ ಪರೀಕ್ಷೆ, ಮಾಸ್ಕ್ ತೊಳೆಯುವುದು, ಬಲೆ ಎಲ್ಲಾದರೂ ಹರಿದಿದೆಯೇ ಅಂತ ನೋಡುವುದು. ಕೊನೆಯ ಬ್ಯಾಚ್ ಮುಗಿದದ್ದು ಸಂಜೆ 6ಕ್ಕೆ. ಆಮೇಲೆ ಒಡೆದ ಬಾಲುಗಳ ಜಿಗುಟು ಬಣ್ಣ ತೊಳೆದು, ಎಲ್ಲ ಒಳಗಿಟ್ಟು ಹೊರಡುವಾಗ 7.30. ಒಂದು ಗಂಟೆ ಊಟಕ್ಕೆ ಬಿಟ್ಟರೆ ಹತ್ತೂವರೆ ಗಂಟೆ ಕೆಲಸ.

ಇದೇ ಹುಡುಗನಿಗೆ ಗಂಟೆಗೆ 90 ರೂಪಾಯಿ, ದಿನಕ್ಕೆ 8 ಗಂಟೆ ಅಂತ ಮಾತಾಗಿದ್ದರೆ? ಮೊದಲ 8 ಗಂಟೆಗೆ 720. ಉಳಿದ ಎರಡೂವರೆ ಗಂಟೆ ಓವರ್‌ಟೈಮ್. ಅದಕ್ಕೆ ಕಾನೂನಿನಂತೆ ಎರಡು ಪಟ್ಟು ದರ, ಅಂದರೆ ಗಂಟೆಗೆ 180ರಂತೆ 450. ಒಟ್ಟು 1,170. ಬ್ಯಾಚ್ ಲೆಕ್ಕದಲ್ಲಿ 370 ರೂಪಾಯಿ ಮಾಯ. ಮಾಯವಾದದ್ದು ಯಾವ ಗಂಟೆಗಳ ಹಣ ನೋಡಿ. ಆಟ ನಡೆಯದೆ ಇದ್ದಾಗ, ಯಾರೂ ನೋಡದೆ ಇದ್ದಾಗ ಮಾಡಿದ ಸುರಕ್ಷತೆಯ ಕೆಲಸದ ಹಣ. "ಮೊದಲ ಎರಡು ವಾರ ಟ್ರಯಲ್" ಅಂತ ದುಡ್ಡಿಲ್ಲದೆ ನಿಲ್ಲಿಸಿಕೊಳ್ಳುವುದೂ ಇದೇ ಜಾತಿಯದು. ಬೇರೆಯವರ ಹಿಂದೆ ನಿಂತು ನೋಡಿ ಕಲಿಯುವುದು ಬೇರೆ. ಒಬ್ಬನೇ ಬ್ಯಾಚ್ ನಡೆಸಿದರೆ ಅದು ಕೆಲಸವೇ.

ಕನಿಷ್ಠ ದರ ಎಷ್ಟು ಅನ್ನುವುದು ಒಂದೇ ಕಡೆ ನಿಲ್ಲುವುದಿಲ್ಲ. ಮಹಾರಾಷ್ಟ್ರದಲ್ಲಿ ಮೂಲ ದರದ ಮೇಲೆ ವಿಶೇಷ ಭತ್ಯೆ ಸೇರುತ್ತದೆ. ಅದು ಬೆಲೆಯೇರಿಕೆ ನೋಡಿಕೊಂಡು ಜನವರಿಯಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ಬದಲಾಗುತ್ತದೆ. ಹೋದ ವರ್ಷದ ದರವನ್ನೇ ಹಿಡಿದುಕೊಂಡು ಕೂತರೆ ಗೊತ್ತಿಲ್ಲದೆಯೇ ಕಡಿಮೆ ಕೊಟ್ಟಂತಾಗುತ್ತದೆ. ಕೌಂಟರ್ ಕೆಲಸದ ಹುಡುಗಿ ರೆಫರಿಯಾಗಿಯೂ ನಿಂತರೆ, ಹುಡುಗರಿಗೆ ಕೊಡುವ ದರವನ್ನೇ ಅವಳಿಗೂ ಕೊಡಬೇಕು. ಒಂದೇ ಕೆಲಸಕ್ಕೆ ಗಂಡು ಹೆಣ್ಣು ಅಂತ ಬೇರೆ ಕೂಲಿ ಕಾನೂನು ಒಪ್ಪುವುದಿಲ್ಲ.

ಕೊಡುವ ದಿನವೂ ಮುಖ್ಯ. ದಿನಗೂಲಿ ಅಂದರೆ ಆ ದಿನದ ಕೆಲಸ ಮುಗಿದಾಗಲೇ. ವಾರದ ಲೆಕ್ಕ ಅಂದರೆ ವಾರದ ರಜೆಗೆ ಮೊದಲು. ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಕಿನ ಒಳಗೆ. ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನಗಳ ಒಳಗೆ ಚುಕ್ತಾ ಮಾಡಬೇಕು. "ಕಂಪನಿಯವರ ಪೇಮೆಂಟ್ ಬಂದ ಮೇಲೆ ನೋಡೋಣ" ಅನ್ನುವಂತಿಲ್ಲ. ಗಿರಾಕಿ ತಡ ಮಾಡಿದರೆ ಅದು ಮಾಲೀಕ ಮತ್ತು ಗಿರಾಕಿಯ ನಡುವಿನ ವಿಷಯ.

ಬುಕಿಂಗ್ ರದ್ದಾದರೆ, ಗನ್ ಮುರಿದರೆ

ಬೆಳಿಗ್ಗೆ ಎಲ್ಲರೂ ಬಂದಿದ್ದಾರೆ. ಹನ್ನೊಂದಕ್ಕೆ ಫೋನ್, ಬರುವವರು ಬರುವುದಿಲ್ಲ. "ಇವತ್ತು ಹೋಗ್ರಪ್ಪಾ, ಅರ್ಧ ದಿನ ಹಾಕ್ತೀನಿ" ಅನ್ನುವುದು ರೂಢಿ. ಕಾನೂನು ಹೇಳುವುದು ಬೇರೆ. ದಿನದ ಲೆಕ್ಕದಲ್ಲಿ ಕೂಲಿ ಇರುವವನು ಕೆಲಸಕ್ಕೆ ತಯಾರಿದ್ದೂ ಮಾಲೀಕ ಕೆಲಸ ಕೊಡಲಾಗದೆ ಕಳಿಸಿದರೆ, ಸಾಮಾನ್ಯವಾಗಿ ಪೂರ್ತಿ ದಿನದ ಕೂಲಿಗೆ ಅವನು ಹಕ್ಕುದಾರ. ಇದು 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಉಳಿದಿದೆ. ಹಾಗಾಗಿ ಗಿರಾಕಿಯಿಂದ ಮುಂಗಡ ತೆಗೆದುಕೊಳ್ಳುವಾಗಲೇ, ರದ್ದಾದರೆ ವಾಪಸ್ ಕೊಡದ ಒಂದು ಭಾಗ ಇಟ್ಟುಕೊಳ್ಳುವುದು ಒಳ್ಳೆಯದು. ಆ ಹಣ ಮೊದಲು ಕೆಲಸಗಾರರಿಗೆ ಹೋಗಲಿ.

ಮಾಸ್ಕಿನ ಗಾಜು ಒಡೆಯಿತು, ಗನ್ ನೀರಿಗೆ ಬಿತ್ತು, ಹುಡುಗನ ಪಗಾರದಲ್ಲಿ ಮುರಿದುಕೊಂಡರು. ಇದೂ ಅಷ್ಟು ಸುಲಭವಲ್ಲ. ಆ ವಸ್ತುವನ್ನು ಅವನ ಸುಪರ್ದಿಗೇ ಒಪ್ಪಿಸಿರಬೇಕು, ನಷ್ಟ ಅವನ ಅಜಾಗರೂಕತೆಯಿಂದಲೇ ನೇರವಾಗಿ ಆಗಿರಬೇಕು, ಮುರಿದುಕೊಳ್ಳುವ ಮೊದಲು ಅವನ ಮಾತು ಕೇಳಬೇಕು. ಎಲ್ಲ ಕಡಿತಗಳೂ ಸೇರಿ ಪಗಾರದ ಅರ್ಧ ಮೀರಬಾರದು. ಗಿರಾಕಿ ಬೀಳಿಸಿದ ಗನ್ನಿಗೆ ಕೆಲಸಗಾರ ದಂಡ ತೆರುವ ಪ್ರಶ್ನೆಯೇ ಇಲ್ಲ. ರೆಫರಿಯ ಸ್ವಂತ ಮಾಸ್ಕ್, ಶೂ, ಜಾಕೆಟ್ ಮೈದಾನವೇ ಕೊಡಬೇಕು. ಅವನು ದಿನವಿಡೀ ಗುಂಡುಗಳ ನಡುವೆ ನಿಂತಿರುತ್ತಾನೆ.

ಪೆಟ್ಟಾದರೆ ಏನು ಅನ್ನುವುದನ್ನು ತುಂಬ ಮಾಲೀಕರು ತಪ್ಪು ತಿಳಿದಿದ್ದಾರೆ. "ನಮ್ಮ ಹತ್ತಿರ ಇನ್ಶೂರೆನ್ಸ್ ಇದೆ" ಅನ್ನುತ್ತಾರೆ. ತೆಗೆದು ನೋಡಿದರೆ ಅದು ಬಂದ ಗಿರಾಕಿಗಳಿಗೆ ಅಪಾಯವಾದರೆ ಕೊಡುವ ಪಾಲಿಸಿ. ಸಾಮಾನ್ಯವಾಗಿ ಅದರಲ್ಲಿ ಕೆಲಸಗಾರರು ಸೇರುವುದಿಲ್ಲ. ಆಟಗಾರರು ಸಹಿ ಹಾಕುವ ಒಪ್ಪಿಗೆ ಪತ್ರವೂ ಕೆಲಸಗಾರನ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಹತ್ತು ಅಥವಾ ಜಾಸ್ತಿ ಜನ ದುಡಿಯುವ ಕಡೆ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ ಬರುತ್ತದೆ. ತಿಂಗಳಿಗೆ 21,000 ರೂಪಾಯಿವರೆಗಿನ ವೇತನಕ್ಕೆ ಕೆಲಸಗಾರ ಶೇ. 0.75, ಮಾಲೀಕ ಶೇ. 3.25 ಕಟ್ಟುತ್ತಾರೆ. ಇಪ್ಪತ್ತು ಜನ ಆದರೆ ಪಿಎಫ್ ಕೂಡ. ಅದಕ್ಕಿಂತ ಚಿಕ್ಕ ಮೈದಾನವಾದರೂ, ಕೆಲಸದಲ್ಲಿ ಪೆಟ್ಟಾಗಿ ದುಡಿಯಲು ಆಗದೆ ಹೋದರೆ ಪರಿಹಾರದ ಹೊಣೆ ಸಾಮಾನ್ಯವಾಗಿ ಮಾಲೀಕನದೇ. ತಪ್ಪು ಯಾರದು ಅಂತ ಹುಡುಕುವ ಅಗತ್ಯವಿಲ್ಲ. ಈ ನಿಯಮ 1923ರಿಂದಲೇ ಇದೆ. ಹಾಗಾಗಿ ಕೆಲಸಗಾರರ ಹೆಸರಿನಲ್ಲೇ ಒಂದು ಗುಂಪು ಅಪಘಾತ ವಿಮೆ ಮಾಡಿಸಿ. ಭಾನುವಾರಕ್ಕೆ ಮಾತ್ರ ಬರುವವನ ಹೆಸರೂ ಅದರಲ್ಲಿರಲಿ.

ನಿಜವಾದ ಸ್ವಯಂಸೇವೆ

ಅದೂ ಇದೆ, ಅದಕ್ಕೆ ಗೌರವವೂ ಇದೆ. ಪುಣೆಯ ಕನ್ನಡ ಹುಡುಗ ಹುಡುಗಿಯರ ಗುಂಪೊಂದು ಬಡ ಮಕ್ಕಳ ಫೀಸಿಗಾಗಿ ಒಂದು ದಿನದ ಪಂದ್ಯ ಇಡುತ್ತದೆ. ಮೈದಾನಕ್ಕೆ ಬಾಡಿಗೆ ಕಟ್ಟಿ, ಉಳಿದದ್ದೆಲ್ಲ ಶಾಲೆಗೆ ಕೊಡುತ್ತದೆ. ಅಲ್ಲಿ ನೀರು ಹಂಚುವವರು, ಅಂಕ ಬರೆಯುವವರು, ಹೆಸರು ಕೂಗುವವರು ಸ್ವಯಂಸೇವಕರೇ. ಪಂದ್ಯಗಳಲ್ಲಿ ಸೋತ ತಂಡದವರು ಮುಂದಿನ ಪಂದ್ಯಕ್ಕೆ ರೆಫರಿಗೆ ಕೈಜೋಡಿಸುವುದೂ ಉಂಟು. ಇವರಿಗೆ ಕೂಲಿ ಬೇಡ. ಆದರೆ ಬಸ್ ಚಾರ್ಜು, ಊಟ, ಅವತ್ತಿನ ಮಟ್ಟಿಗೆ ವಿಮೆ, ಬೇಕಾದವರಿಗೆ ಕಾಲೇಜಿಗೆ ತೋರಿಸಲು ಒಂದು ಪತ್ರ, ಇಷ್ಟನ್ನು ಕೇಳುವ ಮೊದಲೇ ಕೊಡಬೇಕು. ಖರ್ಚಾದಷ್ಟು ಕೊಡುವುದು ಕೂಲಿಯಲ್ಲ. ಸುಸ್ತಾಗಿದೆ, ಹೋಗುತ್ತೇನೆ ಅಂದರೆ ಹೋಗಲು ಬಿಡಬೇಕು. ಗನ್ ಪರೀಕ್ಷೆ, ಸಿಲಿಂಡರ್ ತುಂಬುವುದು ಮತ್ತು ಮುಖ್ಯ ರೆಫರಿಯ ಜಾಗ, ಈ ಮೂರಕ್ಕೂ ತರಬೇತಿ ಪಡೆದ ಸಂಬಳದ ಜನರೇ ಇರಲಿ. ಹದಿನೆಂಟು ತುಂಬದ ಮಕ್ಕಳನ್ನು ಆಟದ ಬಲೆಯೊಳಗೆ ಕೆಲಸಕ್ಕೆ ನಿಲ್ಲಿಸುವುದು ಬೇಡವೇ ಬೇಡ, ಎಷ್ಟೇ ಆಸೆಪಟ್ಟರೂ.

ಟಿಪ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡಬ್ಬಿ ಒಂದೇ ಇರಲಿ, ಸಂಜೆ ಎಲ್ಲರ ಮುಂದೆ ಎಣಿಸಿ ಹಂಚಲಿ. ಗಿರಾಕಿ ನೋಡುವುದು ರೆಫರಿಯನ್ನು ಮಾತ್ರ. ಮಾಸ್ಕ್ ತೊಳೆದವನು ಅವರ ಕಣ್ಣಿಗೆ ಬೀಳುವುದಿಲ್ಲ. ಮಾಲೀಕನ ಕೈ ಅದರಲ್ಲಿ ಬೇಡ.

ಕೊನೆಗೆ ಮಳೆಗಾಲ. ಮುಳಶಿ, ಲೋಣಾವಳ, ಕಾಮಶೇತ್ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಬಿಡುವುದಿಲ್ಲ. ಬಾಲಿನ ಜೆಲಟಿನ್ ಸಿಪ್ಪೆ ತೇವ ಹೀರಿ ಉಬ್ಬುತ್ತದೆ, ಗನ್ನಿನೊಳಗೇ ಒಡೆಯುತ್ತದೆ. ಬುಕಿಂಗ್ ಇಳಿಯುತ್ತದೆ, ಹುಡುಗರು ಊರಿಗೆ ಹೋಗುತ್ತಾರೆ. ಅಕ್ಟೋಬರ್‌ನಲ್ಲಿ ಅರ್ಧ ಜನ ವಾಪಸ್ ಬರುವುದಿಲ್ಲ. ಮಾಲೀಕ ಹೊಸಬರನ್ನು ಹುಡುಕಿ ಮತ್ತೆ ಕಲಿಸಬೇಕು. ಅದರ ಬದಲು ಅನುಭವವಿರುವ ಇಬ್ಬರನ್ನಾದರೂ ಮಳೆಗಾಲದಲ್ಲೂ ತಿಂಗಳ ಪಗಾರದ ಮೇಲೆ ಉಳಿಸಿಕೊಳ್ಳಿ. ಗನ್‌ಗಳ ರಬ್ಬರ್ ರಿಂಗ್ ಬದಲಿಸುವುದು, ಬಲೆ ಹೊಲಿಯುವುದು, ಅಡಗುತಾಣಗಳನ್ನು ಮತ್ತೆ ಕಟ್ಟುವುದು, ಎಲ್ಲ ಆ ನಾಲ್ಕು ತಿಂಗಳಲ್ಲೇ ಆಗಬೇಕಾದ ಕೆಲಸ. ಅವರು ಶೆಡ್ಡಿನಲ್ಲೇ ಮಲಗಿ ರಾತ್ರಿ ಸಾಮಾನು ಕಾಯುತ್ತಿದ್ದರೆ ಆ ಕಾವಲನ್ನೂ ಬೇರೆಯಾಗಿ ಲೆಕ್ಕ ಹಿಡಿಯಿರಿ. ಇದಕ್ಕೆಲ್ಲ ಬೇಕಾದ ಹಣವನ್ನು ಡಿಸೆಂಬರ್, ಜನವರಿಯ ತುಂಬಿದ ವಾರಗಳಲ್ಲೇ ಪ್ರತಿ ಟಿಕೆಟ್ಟಿನಿಂದ ಸ್ವಲ್ಪ ಸ್ವಲ್ಪ ತೆಗೆದು ಬೇರೆ ಖಾತೆಯಲ್ಲಿ ಇಟ್ಟರೆ ಜುಲೈನಲ್ಲಿ ಕೈ ಕಟ್ಟುವುದಿಲ್ಲ.